ಡಬ್ಬದಲ್ಲಿ ಮಾಡಿದ ಸೌದೆ ಒಲೆ: ಪಾತ್ರೆ ಇಟ್ಟೊಡನೆ ಹೊಗೆಯೇಕೆ?

ಪ್ರಶ್ನೆ

ಚಾರಣಕ್ಕೆ ಹೋಗುವಾಗ ಬೆನ್ನುಚೀಲದಲ್ಲಿ ಒಯ್ಯಲೆಂದು ಸಣ್ಣದೊಂದು ಸೌದೆ ಒಲೆಯನ್ನು ಮನೆಯಲ್ಲೇ ಮಾಡಿಕೊಂಡಿದ್ದೇನೆ. ಸುಮಾರು 10 ಸೆಂ.ಮೀ. ಅಗಲದ ಹಾಲಿನ ಪುಡಿಯ ಡಬ್ಬವನ್ನು 13 ಸೆಂ.ಮೀ. ಅಗಲದ ತಗಡಿನ ಡಬ್ಬದೊಳಗೆ ಇಳಿಸಿ, ಒಳಡಬ್ಬದ ತಳಕ್ಕೂ ಬಾಯಿಯ ಸ್ವಲ್ಪ ಕೆಳಗೆ ಸುತ್ತಲೂ ತೂತು ಕೊರೆದಿದ್ದೇನೆ. ಹೊರಡಬ್ಬಕ್ಕೆ ಬುಡದಲ್ಲಿ ಮಾತ್ರ ತೂತುಗಳಿವೆ. ಒಣ ಪುರಳೆ ತುಂಬಿ ಹೊತ್ತಿಸಿದರೆ ಮೊದಲು ಚೆನ್ನಾಗಿಯೇ ಉರಿಯುತ್ತದೆ. ಪಾತ್ರೆ ಇಟ್ಟೊಡನೆ ಉರಿ ಕುಗ್ಗಿ, ದಟ್ಟ ಹೊಗೆ ಎದ್ದು, ಅರ್ಧ ಲೀಟರ್ ನೀರು ಕಾಯುವಷ್ಟರಲ್ಲಿ ಕಣ್ಣು ಕೆಂಪಾಗುತ್ತದೆ. ಎರಡು ಡಬ್ಬಗಳ ನಡುವಿನ ಸಂದಿಯ ಮೇಲೆ ಕೈ ಹಿಡಿದರೆ ಬಿಸಿಗಾಳಿ ತಾಗುತ್ತದೆ. ತೂತುಗಳು ಸಾಲವೇ, ಸೌದೆಯ ದೋಷವೇ? ಬಲ್ಲವರು ತಿಳಿಸಬೇಕು.

ಉತ್ತರ 1

ದೋಷ ಸೌದೆಯದಲ್ಲ. ಕೊನೆಯಲ್ಲಿ ನೀವೇ ಬರೆದಿರುವ ಬಿಸಿಗಾಳಿಯ ಮಾತಿನಲ್ಲಿ ಅರ್ಧ ಉತ್ತರವಿದೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ಕೆಳಗಿನಿಂದ ಬರುವ ಗಾಳಿಯಿಂದ ಉರಿಯುವ ಬೆಂಕಿ ಕಟ್ಟಿಗೆಯನ್ನು ಕಾಯಿಸಿ ಅದರೊಳಗಿನ ಅನಿಲವನ್ನು ಹೊರಡಿಸುತ್ತದೆ, ಆ ಅನಿಲವನ್ನು ಸುಡಬೇಕಾದುದು ಎರಡು ಗೋಡೆಗಳ ನಡುವೆ ಏರುತ್ತಾ ಬಿಸಿಯಾಗಿ, ಮೇಲಿನ ತೂತುಗಳ ಮೂಲಕ ಒಳನುಗ್ಗುವ ಗಾಳಿ. ನಿಮ್ಮ ಒಲೆಯಲ್ಲಿ ಸಂದಿಯ ಬಾಯಿ ತೆರೆದಿರುವುದರಿಂದ ಆ ಗಾಳಿ ನೆಟ್ಟಗೆ ಆಕಾಶಕ್ಕೆ ಹೋಗುತ್ತಿದೆ. ಹಳೆಯ ಡಬ್ಬದ ಮುಚ್ಚಳದಿಂದ ಬಳೆಯಾಕಾರದ ತಗಡು ಕತ್ತರಿಸಿ ಸಂದಿಯನ್ನು ಬಿಗಿಯಾಗಿ ಮುಚ್ಚಿರಿ.

ಇನ್ನರ್ಧ ಪಾತ್ರೆಯದು. ಬಹುಶಃ ಅದನ್ನು ಡಬ್ಬದ ಅಂಚಿನ ಮೇಲೆಯೇ ಇಡುತ್ತಿದ್ದೀರಿ. ನಮ್ಮ ಹಿರಿಯರು ಮಣ್ಣಿನ ಒಲೆಯ ಮೇಲೆ ಮೂರು ಗುಂಡು ಕೂರಿಸಿದ್ದು ಅಂದಕ್ಕಲ್ಲ, ಉರಿ ಹೊರಬರಲು ದಾರಿ ಬೇಕೆಂದು. ಪಾತ್ರೆ ಅಂಚಿಗಿಂತ ಎರಡು ಮೂರು ಸೆಂ.ಮೀ. ಮೇಲೆ ನಿಲ್ಲುವಂತೆ ಮೂರು ಕಾಲು ಮಾಡಿ.

ಉತ್ತರ 2

ಹೊರಗಿನ ತಗಡು ಯಾವುದೆಂದು ನೀವು ಬರೆದಿಲ್ಲ. ಸತು ಲೇಪಿಸಿದ, ಅಂದರೆ ಬಕೆಟ್‌ ಮಾಡುವ ಬಗೆಯ ಜಿ.ಐ. ತಗಡಾದರೆ ದಯವಿಟ್ಟು ಬಿಟ್ಟುಬಿಡಿ. ಸತು ಸುಮಾರು 420 ಡಿಗ್ರಿಯಲ್ಲೇ ಕರಗುತ್ತದೆ. ಇನ್ನೂ ಕಾದಾಗ ಏಳುವ ಬಿಳಿ ಹೊಗೆಯನ್ನು ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುವುದನ್ನು ವೆಲ್ಡಿಂಗ್ ಮಾಡುವವರು ಚೆನ್ನಾಗಿ ಬಲ್ಲರು. ಬಣ್ಣ ಬಳಿದ ಡಬ್ಬವಾದರೆ ಮೊದಲು ಬಯಲಿನಲ್ಲಿ ಒಮ್ಮೆ ಚೆನ್ನಾಗಿ ಸುಟ್ಟು ಬಣ್ಣವನ್ನು ಉದುರಿಸಿಕೊಳ್ಳಿ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬ ಸಿಕ್ಕರೆ ಅದೇ ಲೇಸು. ಕೊರೆಯುವುದು ಕಷ್ಟ, ಬಾಳಿಕೆ ಮಾತ್ರ ಹೆಚ್ಚು.

ಉತ್ತರ 3

ನನಗೆ ಈ ಎರಡು ಗೋಡೆಯ ಒಲೆಯ ಬಗೆಗೇ ತಕರಾರಿದೆ. ಚಹಾಕ್ಕೆ ಇದು ಸರಿ, ಅನ್ನಕ್ಕೆ ಸಾಲದು, ಏಕೆಂದರೆ ತುಂಬಿದ ಸೌದೆ ಮುಗಿದೊಡನೆ ಪಾತ್ರೆ ಇಳಿಸಿ ಮತ್ತೆ ತುಂಬಬೇಕು. 1980ರ ದಶಕದಲ್ಲಿ ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ರಾಕೆಟ್ ಒಲೆಯಲ್ಲಿ ಸೌದೆಯನ್ನು ಪಕ್ಕದ ಕೊಳವೆಯಿಂದ ತಳ್ಳುತ್ತಾ ಹೋಗಬಹುದು. ಅದಕ್ಕೆ ಶಾಖ ತಡೆಯುವ ಬೂದಿಯನ್ನೋ ಮತ್ತೊಂದನ್ನೋ ಸುತ್ತ ತುಂಬಬೇಕಾದ್ದರಿಂದ ಹೊರಲು ಭಾರ ಎಂಬುದನ್ನು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಗಡಿನ ಬಳೆ ಹಾಕಿ, ಮೂರು ಬೋಲ್ಟುಗಳನ್ನೇ ಕಾಲು ಮಾಡಿದೆ. ಈಗ ಮೇಲಿನ ಪ್ರತಿ ತೂತಿನಿಂದಲೂ ಗ್ಯಾಸ್ ಒಲೆಯಂತೆ ಉರಿಯ ನಾಲಿಗೆ ಕಾಣುತ್ತದೆ. ನಡುವೆ ಪುರಳೆ ಸೇರಿಸಿದಾಗ ಮಾತ್ರ ಮತ್ತೆ ಹೊಗೆಯೇಳುತ್ತದೆ. ಭಾರದ ಕಾರಣ ರಾಕೆಟ್ ಒಲೆ ನನಗಾಗದು.

ಉತ್ತರ 1

ಸೌದೆ ಮೇಲಿನ ತೂತುಗಳ ಸಾಲನ್ನು ದಾಟಬಾರದು. ದಾಟಿದರೆ ಅನಿಲ ಹುಟ್ಟುವುದು ಗಾಳಿ ಸೇರುವ ಜಾಗದ ಮೇಲೆ. ಬೆರಳು ದಪ್ಪದ ತುಂಡುಗಳನ್ನು ತೂತುಗಳ ಕೆಳಗಿನವರೆಗೆ ತುಂಬಿ, ಬೆಂಕಿಯನ್ನು ಬುಡದಿಂದಲ್ಲ, ಮೇಲಿನಿಂದ ಹೊತ್ತಿಸಿ. ಸೇರಿಸಲೇಬೇಕಾದಾಗ ಉರಿ ಜೋರಾಗಿರುವಾಗಲೇ ಒಂದೆರಡು ಸಣ್ಣ ತುಂಡು ಹಾಕಿ, ಕೆಂಡವಾದ ಮೇಲೆ ಅಲ್ಲ.

ಮತ್ತೊಂದು ಮಾತು: ಮಳೆ ಬಂದಿತೆಂದು ಈ ಒಲೆಯನ್ನು ಡೇರೆಯೊಳಗೆ ಒಯ್ಯಬೇಡಿ, ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಬೇಸಿಗೆಯಲ್ಲಿ ಒಣಗಿದ ತರಗೆಲೆಯ ಕಾಡಿನಲ್ಲಂತೂ ಇದನ್ನು ಚೀಲದಿಂದ ತೆಗೆಯಲೇಬೇಡಿ, ಆ ದಿನಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿ.