ಸುಳ್ಳು ಬಸಿರಿನ ಹಾಸ್ಯ ಕಾದಂಬರಿ ಬಳಗದಲ್ಲಿ ಓದಬಹುದಾ? ಓದಿದವರು ಅನುಭವ ಹೇಳಿ

ಸರಸ್ವತಿಪುರಂ ಓದುಗಿ:
ನಮ್ಮ ಬೀದಿಯ ಹೆಂಗಸರು ಸೇರಿ ತಿಂಗಳಿಗೊಂದು ಪುಸ್ತಕ ಓದ್ತೀವಿ. ಈ ಸಲ ಚೀಟಿ ಎತ್ತಿದಾಗ ಬಂದಿರೋದು ಎಲ್ಲರ ಬಾಯಲ್ಲೂ ಇರೋ ಆ ಸುಳ್ಳು ಬಸಿರಿನ ಕಾದಂಬರಿ. ಓದದೇ ಇರೋರಿಗೆ ಕತೆ ಇಷ್ಟು: ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ ಸೊಸೆ, ಗೌರಿ ಹಬ್ಬದ ದಿನ ಅತ್ತೆಯ ಚುಚ್ಚುಮಾತು ತಡೀಲಾರದೆ "ನನಗೀಗ ಮೂರು ತಿಂಗಳು" ಅಂದುಬಿಡ್ತಾಳೆ. ಅಲ್ಲಿಂದ ಹೊಟ್ಟೆಗೆ ಹತ್ತಿ, ನೆರಿಗೆಯೊಳಗೆ ದಿಂಬು, ಬಾಣಂತನ ಯಾರ ಮನೇಲಿ ಅಂತ ಬೀಗರ ಜಗಳ, ಸೀಮಂತದವರೆಗೂ ಹೋಗುತ್ತೆ. ನಾನಂತೂ ಬಿದ್ದು ಬಿದ್ದು ನಕ್ಕೆ. ಆದರೆ ನನ್ನ ಓರಗಿತ್ತಿಯೂ ಬಳಗದಲ್ಲಿದ್ದಾಳೆ, ಅವಳಿಗೆ ಮಕ್ಕಳಿಗಾಗಿ ಚಿಕಿತ್ಸೆ ನಡೀತಿದೆ. ಅವಳ ಎದುರು ಕೂತು ಇದನ್ನ ಓದಿ ನಗೋದು ಹೇಗೆ? ಪುಸ್ತಕ ಬದಲಾಯಿಸಿದರೆ ಯಾಕೆ ಅಂತ ಮೊದಲು ಅವಳಿಗೇ ಗೊತ್ತಾಗುತ್ತೆ. ಇಂಥ ಸಂದರ್ಭದಲ್ಲಿ ಓದಿದವರಿದ್ದರೆ ದಯವಿಟ್ಟು ಹೇಳಿ.

ಕುವೆಂಪುನಗರ ಮಲ್ಲಿಗೆ:
ಓದಿದೀನಿ. ನಗು ಬರಲಿಲ್ಲ ಅಂತ ಸುಳ್ಳು ಹೇಳಲ್ಲ, ಬಂತು. ಅದಕ್ಕೇ ಸಿಟ್ಟು.

ನಮ್ಮ ಕತೆ ಕೇಳಿ, ನಾವೂ ಮಕ್ಕಳಿಗಾಗಿ ಚಿಕಿತ್ಸೆ ಮಾಡಿಸಿದೋರು. ಮೊದಲು ತೋರಿಸಿದ ಕಡೆ "ಪ್ಯಾಕೇಜು 1,60,000, ಎಲ್ಲಾ ಸೇರಿ" ಅಂದ್ರು. ಎಲ್ಲಾ ಅಂದ್ರೆ ಏನೇನು ಅಂತ ಬಿಲ್ ಕೈಗೆ ಬಂದಾಗ ಗೊತ್ತಾಯ್ತು. ಇಂಜೆಕ್ಷನ್ ಬೇರೆ, 72,400. ಅರಿವಳಿಕೆ ಡಾಕ್ಟರ್ ಬೇರೆ, 6,000. ಭ್ರೂಣ ಫ್ರೀಜ್ ಮಾಡಿ ಇಡೋಕೆ 25,000, ಅದಕ್ಕೆ ಮತ್ತೆ ವರ್ಷ ವರ್ಷ ಬಾಡಿಗೆ. ಕರೆಂಟ್ ಹೋದರೆ ಇಂಜೆಕ್ಷನ್ ಹಾಳಾಗುತ್ತೆ ಅಂತ ಐಸ್ ಡಬ್ಬಿ, 850. ಅವಲಕ್ಕಿ ಸರ ಗಿರವಿ ಇಟ್ಟಿದ್ದು ಇನ್ನೂ ಬಿಡಿಸಿಲ್ಲ, ಬಡ್ಡಿ ಬೆಳೀತಾನೇ ಇದೆ.

ಕಾದಂಬರೀಲಿ ಆ ಸೊಸೆ ಕಿಟ್‌ನಲ್ಲಿ ಎರಡು ಗೆರೆ ತೋರಿಸೋಕೆ ಪಕ್ಕದ ಮನೆ ಬಸುರಿಯನ್ನ ಪುಸಲಾಯಿಸ್ತಾಳಲ್ಲ, ಆ ಭಾಗಕ್ಕೆ ಎಲ್ಲರೂ ನಗ್ತಾರೆ. ಚಿಕಿತ್ಸೇಲಿ ಎಚ್‌ಸಿಜಿ ಅನ್ನೋ ಹಾರ್ಮೋನ್ ಇಂಜೆಕ್ಷನ್ ಕೊಟ್ಟಮೇಲೆ ಹತ್ತು ಹದಿನಾಲ್ಕು ದಿನದವರೆಗೂ ಬಸಿರಿಲ್ಲದಿದ್ದರೂ ಎರಡು ಗೆರೆ ಬರಬಹುದು, ಅದು ಗೊತ್ತಾ ನಿಮಗೆ? ಕಿಟ್ ಹುಡುಕೋದೂ ಅದೇ ಹಾರ್ಮೋನು, ಚುಚ್ಚೋದೂ ಅದೇ. ನಮಗೆ ಯಾರೂ ಹೇಳಿರಲಿಲ್ಲ. ಗೆರೆ ಕಂಡಿದ್ದೇ ತಡ ನಮ್ಮ ಯಜಮಾನ್ರು ಮೈಸೂರು ಪಾಕು ತಂದು ಎದುರು ಮನೆಗೂ ಕೊಟ್ಟು ಬಂದ್ರು. ಆಮೇಲೆ ರಕ್ತ ಪರೀಕ್ಷೆ ಮಾಡಿದ್ರೆ ಏನೂ ಇಲ್ಲ. ಎದುರು ಮನೆಯವರು ತಿಂಗಳುಗಟ್ಟಲೆ ನನ್ನ ಹೊಟ್ಟೆ ನೋಡೇ ಮಾತಾಡ್ತಿದ್ರು. ನನ್ನ ಸುಳ್ಳು ಬಸಿರಿಗೆ ದುಡ್ಡು ಕೊಟ್ಟಿದೀನಿ ಕಣ್ರೀ, ರಸೀದಿ ಸಮೇತ ಇದೆ.

ಪಾಂಡವಪುರ ಆಶಾ ಅಕ್ಕ:
ನಾನು ಆಶಾ ಕಾರ್ಯಕರ್ತೆ. ಬರೆದೋರು ನಮ್ಮ ಕಡೆ ಹಳ್ಳಿಗೆ ಕಾಲಿಟ್ಟಿಲ್ಲ ಅನ್ನೋದು ಎರಡನೇ ಅಧ್ಯಾಯಕ್ಕೇ ಗೊತ್ತಾಯ್ತದೆ. ಮೂರು ತಿಂಗಳು ಅಂತ ಬಾಯಿಬಿಟ್ಟ ಮಾರನೇ ಬೆಳಿಗ್ಗೆ ನಾನು ಅವಳ ಬಾಗಿಲಲ್ಲಿ ನಿಂತಿರ್ತೀನಿ. 12 ವಾರದೊಳಗೆ ಹೆಸರು ಬರೆಸಬೇಕು, ತಾಯಿ ಕಾರ್ಡ್ ಮಾಡಿಸಬೇಕು. ತೂಕ, ಬಿಪಿ, ರಕ್ತ, ಟಿಡಿ ಇಂಜೆಕ್ಷನ್, ಕಬ್ಬಿಣದ ಮಾತ್ರೆ. ಏಎನ್‌ಎಂ ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು ಎಷ್ಟು ತಿಂಗಳು ಅಂತ ಹೇಳ್ತಾರೆ, ದಿಂಬಿಟ್ಕೊಂಡೋಳು ಅಲ್ಲಿ ಏನು ಮಾಡ್ತಾಳೆ? ಅಂಗನವಾಡೀಲಿ ಮಾತೃಪೂರ್ಣ ಊಟ 2017ರಿಂದ ಐತೆ, ಅದಕ್ಕೂ ಹೆಸರು ಬೇಕು.

ಇನ್ನೊಂದು ವಿಚಾರ ಪ್ಯಾಟೆಯೋರಿಗೆ ಹೊಳೆಯಲ್ಲ. 2023ರ ಕೊನೇಲಿ ನಮ್ಮ ಮಂಡ್ಯದ ಆಲೆಮನೇಲಿ ಸ್ಕ್ಯಾನಿಂಗ್ ಮಿಷನ್ ಇಟ್ಕೊಂಡು ಹೆಣ್ಣೋ ಗಂಡೋ ನೋಡ್ತಿದ್ದ ಜಾಲ ಸಿಕ್ಕಿಬಿತ್ತಲ್ಲ. ಅದಾದಮೇಲೆ ಬಸುರಿ ಅಂತ ಬರೆಸಿದೋಳ ಮನೇಲಿ ಮಗು ಕಾಣಲಿಲ್ಲ ಅಂದ್ರೆ ಮೊದಲು ಕೇಳೋದು ನನ್ನ. "ಎಲ್ಲಮ್ಮ ಆ ಕೇಸು? ಯಾಕೆ ಹೋಯ್ತು? ಎಲ್ಲಿ ತೆಗೆಸಿದ್ರು?" ಈ ಸೊಸೆ ನಮ್ಮೂರೋಳಾಗಿದ್ರೆ ಅತ್ತೆಗೆ ಹೇಳಿದ ಒಂದು ಸುಳ್ಳಿಗೆ ಆರೋಗ್ಯ ಇಲಾಖೆಯೋರು, ಪೊಲೀಸ್ನೋರು ಎಲ್ಲಾ ಬಾಗಿಲಿಗೆ ಬಂದಿರೋರು. ಅದನ್ನ ಬರೆದಿದ್ರೆ ಹಾಸ್ಯ. ನಾನು ಮನೆ ಮನೆ ಸುತ್ತಿದ್ದಕ್ಕೆ ಪೆಟ್ರೋಲ್ ದುಡ್ಡು ಯಾರೂ ಕೊಡಲ್ಲ, ಅದೂ ಒಂದು ಹಾಸ್ಯವೇ.

ನಿವೃತ್ತ ಇತಿಹಾಸ ಮೇಷ್ಟ್ರು:
ಎಲ್ಲರೂ ಕತೆಯನ್ನು ಬಿಟ್ಟು ಕಿಟ್ಟು, ಕಾರ್ಡು ಹಿಡಿದುಕೊಂಡಿದ್ದೀರಿ. ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗವಿದೆ. ಇಂಗ್ಲೆಂಡಿನ ರಾಣಿ ಒಂದನೇ ಮೇರಿ 1555ರಲ್ಲಿ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಕೋಣೆ ಸೇರಿದಳು. ಗಂಡು ಮಗುವಾಯಿತೆಂಬ ಗಾಳಿಸುದ್ದಿಗೆ ಲಂಡನ್ನಿನಲ್ಲಿ ಗಂಟೆಗಳನ್ನೂ ಬಾರಿಸಿಬಿಟ್ಟರು. ಮಗು ಬರಲೇ ಇಲ್ಲ. ಆಕೆ ಸುಳ್ಳು ಹೇಳಿರಲಿಲ್ಲ, ಆಕೆಯ ದೇಹವೇ ಆಕೆಗೆ ಸುಳ್ಳು ಹೇಳಿತ್ತು. ನಮ್ಮ ಕಾದಂಬರಿಕಾರರಿಗೆ ಈ ಆಳ ಬೇಡವಾಯಿತು. ಕೊನೆಯಲ್ಲಿ ಅತ್ತೆಗೆ ಮೊದಲ ದಿನದಿಂದಲೂ ಎಲ್ಲ ಗೊತ್ತಿತ್ತು ಎಂದು ತಿರುವು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ತ್ರಿವೇಣಿಯವರು ಹೆಣ್ಣಿನ ಒಡಲನ್ನೂ ಮನಸ್ಸನ್ನೂ ಎಷ್ಟು ಗಂಭೀರವಾಗಿ ಬರೆದರು, ಯೋಚಿಸಿ. 1963ರಲ್ಲಿ ಹೆರಿಗೆಯ ಬೆನ್ನಲ್ಲೇ ತೀರಿಕೊಂಡ ಲೇಖಕಿ ಅವರು.

ಕುವೆಂಪುನಗರ ಮಲ್ಲಿಗೆ:
ಮೇಷ್ಟ್ರೇ, ಕೊನೆ ಯಾಕೆ ಹೇಳಿದ್ರಿ? ನಮ್ಮಕ್ಕ ಇನ್ನೂ ಅರ್ಧದಲ್ಲಿದ್ದಾಳೆ. ಮತ್ತೆ ತ್ರಿವೇಣಿಯವರನ್ನ ಎಲ್ಲದಕ್ಕೂ ಎಳೀಬೇಡಿ. ಗಂಭೀರವಾಗಿ ಬರೆದಿದ್ದು ಓದಿ ಅತ್ತಿದ್ದು ಸಾಕಾಗಿದೆ, ಇನ್ನು ಒಂದಿಷ್ಟು ನಗೋಕೂ ಯಾರಾದ್ರೂ ಬರೀಲಿ ಬಿಡಿ.

ನಿವೃತ್ತ ಇತಿಹಾಸ ಮೇಷ್ಟ್ರು:
ಈಗ ತಾನೇ ನಗು ಬಂದದ್ದಕ್ಕೆ ಸಿಟ್ಟು ಎಂದವರು ನೀವೇ ಅಲ್ಲವೇ ಅಮ್ಮ?

ಹೂಟಗಳ್ಳಿ ಎಚ್‌ಆರ್:
ಕತೆ ಪೂರ್ತಿ ಕಲ್ಪನೆ ಅಂದ್ಕೊಂಡಿರೋರಿಗೆ ನನ್ನ ಅನುಭವ. ನಾನಿರೋ ಕಂಪನೀಲಿ ಒಬ್ಬಳು ಹೆರಿಗೆ ರಜೆಗೆ ಅರ್ಜಿ ಹಾಕಿದಳು. ಎಲ್ಲರೂ ಕೇಕ್ ಕತ್ತರಿಸಿ ಆಗಿತ್ತು. ನಾನು ಸ್ಕ್ಯಾನ್ ರಿಪೋರ್ಟ್ ನೋಡಿದೆ. ಕಡೇ ಮುಟ್ಟಿನ ತಾರೀಖು ಜನವರಿ, ರಿಪೋರ್ಟ್ ತಾರೀಖು ಏಪ್ರಿಲ್, ಗರ್ಭ 30 ವಾರ ಅಂತಿದೆ. ಯಾರದೋ ರಿಪೋರ್ಟಿಗೆ ಹೆಸರು, ತಾರೀಖು ಕೂರಿಸಿದ್ದು. ಹೆಸರಿನ ಅಕ್ಷರ ಮಾತ್ರ ಪಕ್ಕದ ಅಕ್ಷರಕ್ಕಿಂತ ಒಂದೆಳೆ ದಪ್ಪ. ಮ್ಯಾನೇಜರ್ ಸಹಿ ಹಾಕಿ ಕಳಿಸಿಬಿಟ್ಟಿದ್ದ, ನಾನು ತಡೆದೆ. ಅವಳ ಜಾಗಕ್ಕೆ ತಗೊಂಡಿದ್ದ ಹುಡುಗಿಯ ತರಬೇತಿಗೆ 48,000 ಆಗಲೇ ಖರ್ಚಾಗಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು 12 ವಾರ ಇದ್ದ ರಜೆ 26 ಆಯ್ತು. ನಿಜವಾದ ಬಸುರಿಯರಿಗೆ ಸಿಗಬೇಕಾದ್ದನ್ನ ಇಂಥವರು ಹಾಳು ಮಾಡ್ತಾರೆ. ಪುಸ್ತಕದ ಸೊಸೆ ಮೇಲೆ ನನಗೆ ಎಳ್ಳಷ್ಟೂ ಕನಿಕರ ಇಲ್ಲ.

ಗೆಜ್ಜಲಗೆರೆ ಟೈಲರ್:
ಎಚ್‌ಆರ್ ಮೇಡಂ, ಒಬ್ಬಳು ಸುಳ್ಳು ಹೇಳಿದ್ದು ಸಿಕ್ತು ಅಂತ ಇಷ್ಟುದ್ದ ಬರೆದ್ರಿ. ಗಾರ್ಮೆಂಟ್ಸ್ ಲೈನಿಗೆ ಬಂದು ನೋಡಿ. ಇಲ್ಲಿ ಯಾರೂ ಇಲ್ಲದ ಹೊಟ್ಟೆ ತೋರ್ಸಲ್ಲ, ಇರೋ ಹೊಟ್ಟೆ ಮುಚ್ಕೊತಾರೆ. ನಾನೇ ಏಪ್ರನ್ ಸಡಿಲ ಬಿಟ್ಕೊಂಡು, ಮಿಷನ್‌ಗೆ ಅಂಟ್ಕೊಂಡು ಕೂತು, ಐದು ತಿಂಗಳು ತುಂಬೋವರೆಗೂ ಸೂಪರ್‌ವೈಸರ್ ಕಣ್ಣು ತಪ್ಪಿಸ್ದೆ. ವಾಂತಿ ಬಂದ್ರೆ ಗ್ಯಾಸ್ಟ್ರಿಕ್ ಅಂತಿದ್ದೆ. ಗೊತ್ತಾದ ದಿನ ಕರೆದು ಎಷ್ಟು ನಯವಾಗಿ ಹೇಳಿದ್ರು ಗೊತ್ತಾ? "ಈಗ ನೀನೇ ರಾಜೀನಾಮೆ ಬರೆದುಕೊಟ್ಬಿಡಮ್ಮ, ಹೆರಿಗೆ ಆದ್ಮೇಲೆ ಬಾ, ನಿನ್ ಜಾಗ ಎಲ್ಲೋಯ್ತದೆ." ಹಂಗೆ ಬಂದೋರಿಗೆ ಹೊಸ ಟೋಕನ್ನು, ಹೊಸ ಸರ್ವಿಸ್ಸು. ಐದು ವರ್ಷ ತುಂಬಬೇಕಲ್ಲ ಕೆಲಸ ಬಿಟ್ಟಾಗ ಕೊಡೋ ಗ್ರಾಚ್ಯುಟಿ ದುಡ್ಡಿಗೆ, ನನ್ದು ನಾಲ್ಕು ಚಿಲ್ಲರೆ ಆಗಿತ್ತು. ಎಷ್ಟು ಹೋಯ್ತು ಅಂತ ಲೆಕ್ಕ ಹಾಕಿ, ನಿಮಗೆ ಲೆಕ್ಕ ಚೆನ್ನಾಗಿ ಬರ್ತದೆ.

ಆ ಪುಸ್ತಕ ನಮ್ಮ ಬಸ್ಸಲ್ಲಿ ಒಬ್ಬ ಹುಡುಗಿ ದಿನಾ ಗಟ್ಟಿಯಾಗಿ ಓದ್ತಿದ್ಲು. ಅತ್ತೆ ಬೆಳಿಗ್ಗೆ ಬಿಸಿನೀರು ಕಾಯಿಸಿ ಸೊಸೆಗೆ ಕೊಡೋ ಜಾಗ ಬಂದಾಗ ಬಸ್ಸೆಲ್ಲಾ ನಕ್ತು. ಎಂಟು ತಿಂಗಳಲ್ಲೂ ನನಗೆ ಯಾರೂ ನೀರು ಕಾಯಿಸಿಲ್ಲ.

ಹೂಟಗಳ್ಳಿ ಎಚ್‌ಆರ್:
ನಿಮಗಾಗಿದ್ದು ಅನ್ಯಾಯವೇ. ಆದರೆ ಮಾಲೀಕರ ಕಡೆಯಿಂದಲೂ ಯೋಚಿಸಿ, 26 ವಾರದ ಸಂಬಳ ಕೈಯಿಂದ ಕೊಡಬೇಕು.

ಗೆಜ್ಜಲಗೆರೆ ಟೈಲರ್:
ಯಾವ ಕೈ ಮೇಡಂ? 21,000ದೊಳಗಿನ ಸಂಬಳದೋರು ನಾವು ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ, ಕಟ್ಟೋರು. ಹೆರಿಗೆ ದುಡ್ಡು ಕೊಡೋದು ಇಎಸ್‌ಐ, ಕಂಪನಿ ಅಲ್ಲ. ಎಚ್‌ಆರ್ ಅಂತೀರಿ, ಇದೂ ಗೊತ್ತಿಲ್ವಾ? ನಿಮಗೊಸಿ ಕರುಣೆ ಅನ್ನೋದು ಐತಾ?

ಸರಸ್ವತಿಪುರಂ ಓದುಗಿ:
ಎಲ್ಲರಿಗೂ ಧನ್ಯವಾದ. ಆದರೆ ನಾನು ಕೇಳಿದ್ದು ಓರಗಿತ್ತಿ ವಿಚಾರ...

ಸಕ್ಕರೆ ಸೀಮೆ ಹುಡುಗ:
ಗಂಡಸು ಮಾತಾಡಬಹುದು ತಾನೆ? ಸೀಮಂತದ ಅಧ್ಯಾಯಕ್ಕೆ ಎಲ್ಲಾ ನಗ್ತೀರಿ, ಆ ಖರ್ಚು ಮಾಡಿದೋನಿಗೆ ನಗು ಬರಲ್ಲ. ನನ್ನ ಹೆಂಡ್ತಿದು ಏಳನೇ ತಿಂಗಳಿಗೆ ಇಟ್ಟಿದ್ವಿ. ಹಾಲ್‌ಗೆ 35,000 ಅಡ್ವಾನ್ಸು. ಅಡಿಗೆ ಭಟ್ಟರಿಗೆ 10,000. ದೇವರಾಜ ಮಾರ್ಕೆಟ್ಟಿಂದ ಹಸಿರು ಗಾಜಿನ ಬಳೆ ಬುಟ್ಟಿಗಟ್ಟಲೆ ತಂದಿದ್ದು 4,200. ಮೈಸೂರಿಂದ ಮಂಡ್ಯಕ್ಕೆ ಬರೋದ್ರೊಳಗೆ ಒಂದು ಡಜನ್ ಪುಡಿ. ಸೀಮಂತಕ್ಕೆ ಎರಡು ದಿನ ಇದ್ದಂಗೆ ಅವಳಿಗೆ ಬಿಪಿ ಏರಿ ಆಸ್ಪತ್ರೆ ಸೇರಿಸಿದ್ದು, ಅಲ್ಲೇ ಹೆರಿಗೆ. ಒಂದೂವರೆ ಕೆಜಿ ಇದ್ದ, ಈಗ ಯುಕೆಜಿ, ಚೆನ್ನಾಗಿದಾನೆ. ಆದ್ರೆ ಹಾಲ್‌ನೋನು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. "ಮಗುನೇ ಆಗೋಯ್ತಲ್ಲ, ನಾಮಕರಣ ಇಟ್ಕೊಳಿ" ಅಂತಾನೆ. ನಾಮಕರಣಕ್ಕೆ ಹೊಸ ರೇಟು ಹೇಳ್ದ. ಪುಸ್ತಕದಲ್ಲಿ ಸುಳ್ಳು ಬಸುರಿಗೆ ಭರ್ಜರಿ ಸೀಮಂತ ಆಯ್ತು, ನಿಜವಾದ ನನ್ನ ಹೆಂಡ್ತಿಗೆ ಆಗಲಿಲ್ಲ. ಅವಳು ಆ ಅಧ್ಯಾಯ ಓದಿ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ, ನಾನೇ ಬರೆದಂಗೆ.

ನಿವೃತ್ತ ಇತಿಹಾಸ ಮೇಷ್ಟ್ರು:
ಐದನೇ ತಿಂಗಳಲ್ಲೇ ಬಳೆ ತೊಡಿಸಿದ್ದರೆ ಈ ಪ್ರಮೇಯವೇ ಬರುತ್ತಿರಲಿಲ್ಲ.

ಪಾಂಡವಪುರ ಆಶಾ ಅಕ್ಕ:
ಐದೂ ಬೇಡ ಏಳೂ ಬೇಡ, ಬಿಪಿ ನೋಡಿಸಿದ್ರಾ ಅಂತ ಕೇಳಿ ಮೊದಲು. ನಮ್ಮಲ್ಲಿ ಒಂಬತ್ತಕ್ಕೆ ಮಾಡೋರೂ ಅವ್ರೆ.

ನಿವೃತ್ತ ಇತಿಹಾಸ ಮೇಷ್ಟ್ರು:
ಒಂಬತ್ತಕ್ಕೆ ಮಾಡುವುದು ಅನುಕೂಲಕ್ಕೆ, ಶಾಸ್ತ್ರಕ್ಕಲ್ಲ.

ಗೆಜ್ಜಲಗೆರೆ ಟೈಲರ್:
ಅನುಕೂಲ ಇದ್ದಾಗ ಮಾಡ್ತಾರೆ ಮೇಷ್ಟ್ರೇ. ನಮಗೆ ರಜ ಸಿಗೋದು ಭಾನುವಾರ ಮಾತ್ರ, ಶಾಸ್ತ್ರಕ್ಕೆ ಹೇಳಿ ಭಾನುವಾರ ಬರೋಕೆ.

ಸರಸ್ವತಿಪುರಂ ಓದುಗಿ:
ಕೊನೆಗೆ ಓರಗಿತ್ತಿನ ನೇರವಾಗಿ ಕೇಳಿದೆ. "ಪುಸ್ತಕ ಓದೋಣ ಅಕ್ಕ, ಆ ಭಾನುವಾರ ನನಗೆ ಸ್ಕ್ಯಾನ್ ಇದೆ, ಶನಿವಾರ ಇಟ್ಕೊಳ್ಳಿ. ಆದ್ರೆ ನಗಬೇಕೋ ಬೇಡ್ವೋ ಅಂತ ಎಲ್ಲರೂ ನನ್ನ ಮುಖ ನೋಡ್ಕೊಂಡು ಕೂತ್ರೆ ನಾನು ಎದ್ದು ಹೋಗ್ತೀನಿ" ಅಂದಳು. ಶನಿವಾರ ಸಂಜೆ ಅಂತ ಆಗಿದೆ. ಕೊನೆ ಏನು ಅಂತ ಮಾತ್ರ ಇನ್ಯಾರೂ ಇಲ್ಲಿ ಬರೀಬೇಡಿ.

ಸಕ್ಕರೆ ಸೀಮೆ ಹುಡುಗ:
ಅದು ಬಿಡಿ, ಆ 35,000ಕ್ಕೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದಾ? ಕಾನೂನು ಗೊತ್ತಿರೋರು ಹೇಳಿ.

ಹೂಟಗಳ್ಳಿ ಎಚ್‌ಆರ್:
ಎರಡು ವರ್ಷದೊಳಗೆ ಕೊಡಬೇಕು. ನಿಮ್ಮ ಮಗ ಯುಕೆಜಿ ಅಂದ್ರಲ್ಲ. ರಸೀದಿ ಇದ್ಯಾ?

ಸಕ್ಕರೆ ಸೀಮೆ ಹುಡುಗ:
ಬಿಳಿ ಹಾಳೇಲಿ ಬರ್ಕೊಟ್ಟಿದ್ದು, ಅದೂ ಬಳೆ ಬುಟ್ಟೀಲೇ ಎಲ್ಲೋ ಸೇರ್ಕೊಂಡಿರಬೇಕು. ಗೆಜ್ಜಲಗೆರೆ ಅಕ್ಕ ನಿಮ್ಮ ಕರುಣೆ ಬಗ್ಗೆ ಕೇಳಿದ್ದು ಸರಿಯಾಗೇ ಇದೆ ಮೇಡಂ.