ತ್ಸುರುಓಕಾಗೆ ಹೋಗಬೇಕು, ಟಿಕೆಟ್‌ನಲ್ಲಿ ಶೋನಾಯ್ ಅಂತಿದೆ

ಹಾವೇರಿ ಅಮ್ಮ:
ಮಗಳು ಜಪಾನಿನ ತ್ಸುರುಓಕಾದಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ನಾನೊಬ್ಬಳೇ ಹೋಗುತ್ತಿದ್ದೇನೆ. ಅಳಿಯ ಕಳಿಸಿದ ಟಿಕೆಟ್‌ನಲ್ಲಿ ಟೋಕಿಯೋದ ಹನೇಡಾದಿಂದ ಶೋನಾಯ್ ಅಂತಿದೆ, ತ್ಸುರುಓಕಾ ಹೆಸರೇ ಇಲ್ಲ. ಅಲ್ಲಿಂದ ಇನ್ನೊಂದು ವಿಮಾನ ಹಿಡಿಯಬೇಕಾ? ಅಥವಾ ರೈಲೇ ವಾಸಿನಾ? ನಾನು ಕಂಡಿರುವುದು ಹುಬ್ಬಳ್ಳಿ ವಿಮಾನ ನಿಲ್ದಾಣ ಒಂದೇ.

ಗೋಕುಲ ರಸ್ತೆ:
ಅಮ್ಮ, ಹುಬ್ಬಳ್ಳಿ ಕಂಡಿದ್ದೀರಲ್ಲ, ಅಷ್ಟು ಸಾಕು. ಧಾರವಾಡದವರು, ಗದಗಿನವರು, ನೀವು ಹಾವೇರಿಯವರು, ಎಲ್ಲರೂ ಅಲ್ಲಿಗೇ ಬರುತ್ತೀರಿ ಅಲ್ವಾ? ಶೋನಾಯ್ ಕೂಡ ಹಾಗೆಯೇ. ಇಲ್ಲಿ ಅದು ಭತ್ತದ ಬಯಲಿನ ಹೆಸರು. ಒಂದು ಕಡೆ ಸಕಾತಾ ಅನ್ನುವ ಊರು, ಇನ್ನೊಂದು ಕಡೆ ತ್ಸುರುಓಕಾ, ನಡುವೆ ಈ ನಿಲ್ದಾಣ. 1991ರಲ್ಲಿ ಶುರುವಾಯಿತು. ರನ್‌ವೇ ಒಂದೇ, 2000 ಮೀಟರ್.

ನಾನು ಸಕಾತಾದಲ್ಲಿ ನಾಲ್ಕು ವರ್ಷ ಇದ್ದೆ. ಹನೇಡಾದಿಂದ ಸುಮಾರು ಒಂದು ಗಂಟೆ. ಇಳಿದ ಮೇಲೆ ಹೊರಗೆ ಬಸ್ ಇರುತ್ತದೆ, ವಿಮಾನದ ವೇಳೆಗೆ ಹೊಂದಿಸಿಯೇ ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಮಗಳ ಊರು.

ಆದರೆ ಜನವರಿ ಅಂದಿರಿ, ಅದೇ ನನಗೆ ಚಿಂತೆ. ಸಮುದ್ರ ಹತ್ತಿರ, ಗಾಳಿ ಬಲು ಜೋರು. ಬಿದ್ದ ಹಿಮವನ್ನೇ ನೆಲದಿಂದ ಎಬ್ಬಿಸಿ ಬೀಸುತ್ತದೆ, ಎದುರಿನ ಮನೆಯೂ ಕಾಣುವುದಿಲ್ಲ. ಅಂಥ ದಿನ ಇಳಿಯಲು ಆಗದಿದ್ದರೆ ವಿಮಾನ ಹನೇಡಾಕ್ಕೇ ವಾಪಸ್. ನನಗೆ ಎರಡು ಸಲ ಹೀಗಾಗಿದೆ. ಕಿಟಕಿಯಾಚೆ ಬರೀ ಬಿಳುಪು, ಕೆಳಗೆ ಊರಿದೆ ಅಂತ ಗೊತ್ತು, ಇಳಿಯುವಂತಿಲ್ಲ. ಆ ಸಂಕಟ ನಿಮಗೆ ಬೇಡ. ಬೆಳಗಿನ ವಿಮಾನ ಹಿಡಿಯಿರಿ. ಅದು ತಪ್ಪಿದರೂ ದಿನ ಉಳಿದಿರುತ್ತದೆ.

ರೈಲಿಗೆ ಸುಮಾರು ನಾಲ್ಕು ಗಂಟೆ. ಟೋಕಿಯೋದಿಂದ ನೀಗಾತಾ ಊರಿನವರೆಗೆ ಶಿನ್‌ಕಾನ್‌ಸೆನ್ ಅಂದರೆ ಬುಲೆಟ್ ರೈಲು, ಅಲ್ಲಿಂದ ಇನಾಹೊ ಅನ್ನುವ ರೈಲು. ಇನಾಹೊ ಅಂದರೆ ಭತ್ತದ ತೆನೆ. ಅದೂ ಕಡಲ ಅಂಚಿನಲ್ಲೇ ಹೋಗುತ್ತದೆ. 2005ರ ಡಿಸೆಂಬರ್‌ನಲ್ಲಿ ಇದೇ ರೈಲು ಬಿರುಗಾಳಿಗೆ ಹಳಿ ತಪ್ಪಿ ಐದು ಜನ ತೀರಿಕೊಂಡರು. ಈಗ ಗಾಳಿ ಜಾಸ್ತಿಯಾದರೆ ರೈಲನ್ನೇ ನಿಲ್ಲಿಸುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ರೈಲನ್ನೂ ಪೂರ್ತಿ ನಂಬುವಂತಿಲ್ಲ.

ಗದಗಿನವ:
ಬೆಂಗಳೂರಿನಿಂದ ಟೋಕಿಯೋಗೆ ನೇರ ಬರುತ್ತೀರಾದರೆ ಇಳಿಯುವುದು ನರಿಟಾದಲ್ಲಿ, ಹನೇಡಾದಲ್ಲಲ್ಲ. ಎರಡೂ ಬೇರೆ, ದೂರ. ನಾನು ನಡುವೆ ಎರಡೇ ಗಂಟೆ ಇಟ್ಟುಕೊಂಡಿದ್ದೆ, ಮುಂದಿನ ವಿಮಾನ ತಪ್ಪಿತು. ರಾತ್ರಿಯೆಲ್ಲಾ ಕುರ್ಚಿಯಲ್ಲೇ ಕೂತಿದ್ದೆ. ನೀವು ಒಂದು ರಾತ್ರಿ ಟೋಕಿಯೋದಲ್ಲಿ ಉಳಿದುಬಿಡಿ.

ಹಾವೇರಿ ಅಮ್ಮ:
ಟಿಕೆಟ್ ನೋಡಿದೆ, ನರಿಟಾ ಅಂತಲೇ ಇದೆ. ಒಂದು ರಾತ್ರಿ ಉಳಿಯಲು ಅಳಿಯನಿಗೆ ಹೇಳುತ್ತೇನೆ. ವಿಮಾನ ವಾಪಸ್ ಹೋಗಬಹುದು ಅಂತ ಮೊದಲೇ ಹೇಳುತ್ತಾರಾ? ನನಗೆ ಅವರ ಭಾಷೆ ಬರುವುದಿಲ್ಲ.

ಗೋಕುಲ ರಸ್ತೆ:
ಹೇಳುತ್ತಾರೆ, ಹತ್ತುವ ಮುಂಚೆಯೇ. 'ಜೋಕೆನ್‌ತ್ಸುಕಿ' ಅನ್ನುವ ಮಾತು ಕಿವಿಗೆ ಬೀಳುತ್ತದೆ. ಷರತ್ತಿನ ಮೇಲೆ ಹಾರುತ್ತಿದೆ ಅಂತ ಅರ್ಥ. ಕೇಳಿದ ಕೂಡಲೇ ಮಗಳಿಗೆ ಫೋನ್ ಮಾಡಿ. ತುಂಬು ಬಸುರಿ, ಆ ಹಿಮದಲ್ಲಿ ನಿಲ್ದಾಣಕ್ಕೆ ಬಂದು ಸುಮ್ನೆ ಕಾಯುವುದು ಬೇಡ.