ಉಣ್ಣೆಯ ಗುಬ್ಬಿ ಗಟ್ಟಿಯಾಗುತ್ತಿಲ್ಲ, ಸೂಜಿ ಮಾತ್ರ ಮುರಿಯುತ್ತಿದೆ

ಗುಬ್ಬಿಗೂಡು:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನೀಡಲ್ ಫೆಲ್ಟಿಂಗ್ ಶುರು ಮಾಡಿದೆ. ಉಣ್ಣೆಯನ್ನು ಸೂಜಿಯಲ್ಲಿ ಚುಚ್ಚಿ ಚುಚ್ಚಿ ಪುಟ್ಟ ಗೊಂಬೆ ಮಾಡುತ್ತಾರಲ್ಲ, ಅದೇ. ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದೆ. ಅದರಲ್ಲಿ ಎಂಟು ಬಣ್ಣದ ಮೆರಿನೋ ಉಣ್ಣೆ, ಮೂರು ಸೂಜಿ ಮತ್ತು ಒಂದು ಸಣ್ಣ ಫೋಮ್ ತುಂಡು ಇತ್ತು.

ಒಂದು ಗುಬ್ಬಿ ಮಾಡೋಣ ಅಂತ ಕೂತೆ. ಮೂರು ಸಂಜೆ ಚುಚ್ಚಿದರೂ ಅದು ಹತ್ತಿ ದಿಂಬಿನ ಹಾಗೆ ಮೆತ್ತಗೇ ಇದೆ. ಮೈತುಂಬ ಸೂಜಿ ತೂತು ಕಾಣಿಸುತ್ತದೆ, ಎಳೆಗಳು ಹೊರಗೆ ನಿಂತಿವೆ. ತಲೆ ಬೇರೆ ಮಾಡಿ ಅಂಟಿಸಿದ್ದೆ, ಎತ್ತಿದರೆ ಕಳಚಿ ಬರುತ್ತದೆ. ಮೂರೂ ಸೂಜಿ ಮುರಿದು ಹೋದವು, ಒಂದರ ತುದಿ ಗುಬ್ಬಿಯ ಹೊಟ್ಟೆಯಲ್ಲೇ ಉಳಿಯಿತು.

ಆದರೂ ಈ ಕೆಲಸ ಬಿಡಲು ಮನಸ್ಸಿಲ್ಲ. ಆಫೀಸಿನಿಂದ ಬಂದು ಅರ್ಧ ಗಂಟೆ ಇದನ್ನು ಹಿಡಿದು ಕೂತರೆ ತಲೆ ಹಗುರವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಹೆಣಿಗೆಯ ಅಕ್ರಿಲಿಕ್ ದಾರ ಬಿಚ್ಚಿ ಬಳಸಿದರೆ ಆಗುತ್ತಾ? ಮೆರಿನೋ ಉಣ್ಣೆ ಬೆಲೆ ಜಾಸ್ತಿ, ನಮ್ಮ ಕಡೆಯ ಉಣ್ಣೆ ನಡೆಯುತ್ತಾ? ಏಳು ವರ್ಷದ ಮಗಳೂ ಕೇಳುತ್ತಿದ್ದಾಳೆ, ಅವಳ ಕೈಗೆ ಕೊಡಬಹುದಾ?

ದಾರದುಂಡೆ:
ನಿಮ್ಮ ಕೈಯಲ್ಲಿ ತಪ್ಪಿಲ್ಲ, ಉಣ್ಣೆಯಲ್ಲಿದೆ. ಕಿಟ್‌ಗಳಲ್ಲಿ ಬರುವುದು ಸಾಮಾನ್ಯವಾಗಿ ಬಾಚಿದ ಮೆರಿನೋ. ಅದರ ಎಳೆಗಳು ತುಂಬ ನಯ, ಜೊತೆಗೆ ಎಲ್ಲವೂ ತಲೆ ಬಾಚಿದ ಹಾಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಮೇಲಿನ ಬಣ್ಣಕ್ಕೆ ಚೆನ್ನ, ಆದರೆ ಒಳಗಿನ ಮೈ ಕಟ್ಟಲು ಅದು ಒದ್ದಾಡಿಸುತ್ತದೆ. ಒಳಗೆ ಹಾಕಬೇಕಾದ್ದು ಹಿಂಜಿದ ಉಣ್ಣೆ, ಸ್ವಲ್ಪ ಒರಟಾದದ್ದು. ಅದರ ಎಳೆಗಳು ಅಡ್ಡಾದಿಡ್ಡಿ ಇರುತ್ತವೆ, ಸೂಜಿ ಹೋದ ಕೂಡಲೇ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಈಗ ನಿಮ್ಮ ಹತ್ತಿರ ಮೆರಿನೋ ಮಾತ್ರ ಇದ್ದರೆ ಸಣ್ಣ ಸಣ್ಣದಾಗಿ ಕಿತ್ತು, ದಿಕ್ಕು ಬದಲಿಸಿ ಒಂದರ ಮೇಲೊಂದು ಇಟ್ಟು, ಕೈಯಿಂದಲೇ ಹಿಂಜಿ ಬಳಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಸೂಜಿಯ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾನೂ ಮೊದಲ ತಿಂಗಳು ಆರು ಸೂಜಿ ಮುರಿದಿದ್ದೆ. ಇದು ಬಟ್ಟೆ ಹೊಲಿಯುವ ಸೂಜಿಯಲ್ಲ. ಇದರ ಅಂಚುಗಳಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಒಳಗೆ ಹೋಗುವಾಗ ಎಳೆಯನ್ನು ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬರುತ್ತವೆ. ಮೂಲದಲ್ಲಿ ಇದು ಕಾರ್ಖಾನೆಯ ಸೂಜಿ. ಸಾವಿರಾರು ಸೂಜಿ ಇರುವ ಹಲಗೆ ನೇರವಾಗಿ ಮೇಲೆ ಕೆಳಗೆ ಹೋಗಿ ನೆಯ್ಯದೆಯೇ ಫೆಲ್ಟ್, ಅಂದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದ ಬಟ್ಟೆ, ಮಾಡುವ ಯಂತ್ರಗಳಿವೆ, ಅದರದ್ದು. 1980ರ ದಶಕದಲ್ಲಿ ಅಮೆರಿಕದ ಎಲೀನರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ದಂಪತಿ ಆ ಸೂಜಿಯನ್ನು ಕೈಯಲ್ಲಿ ಹಿಡಿದು ಕೆಲಸ ಶುರು ಮಾಡಿದ ಮೇಲೆ ಇದು ಹವ್ಯಾಸವಾಗಿ ಹರಡಿತು. ಹಾಗಾಗಿ ಈ ಸೂಜಿಗೆ ಗೊತ್ತಿರುವುದು ನೇರ ಹೋಗಿ ನೇರ ಬರುವುದು ಮಾತ್ರ. ಒಳಗಿರುವಾಗ ಸ್ವಲ್ಪ ವಾಲಿಸಿದರೂ, ಮೀಟಿದರೂ ಟಕ್ ಅಂತ ಮುರಿಯುತ್ತದೆ. ಓರೆಯಾಗಿ ಚುಚ್ಚಬಹುದು, ಆದರೆ ಯಾವ ಓರೆಯಲ್ಲಿ ಹೋಯಿತೋ ಅದೇ ಓರೆಯಲ್ಲಿ ಹೊರಗೆ ಬರಬೇಕು.

ನಂಬರ್ ನೋಡಿ ಕೊಳ್ಳಿ. ನಂಬರ್ ಜಾಸ್ತಿ ಆದಷ್ಟು ಸೂಜಿ ಸಣ್ಣ. ಮೈ ಕಟ್ಟಲು 36, ಸಾಮಾನ್ಯ ಕೆಲಸಕ್ಕೆ 38, ಕೊನೆಗೆ ನಯ ಮಾಡಲು 40. ನೀವು ದಪ್ಪ ಸೂಜಿಯಲ್ಲೇ ಕೆಲಸ ಮುಗಿಸಿದ್ದೀರಿ ಅನಿಸುತ್ತದೆ, ಅದಕ್ಕೇ ತೂತು ಕಾಣುತ್ತಿದೆ. 40ರಲ್ಲಿ ಮೇಲೆ ಮೇಲೆ, ಎರಡು ಮೂರು ಮಿಲಿಮೀಟರ್ ಆಳಕ್ಕೆ ಮಾತ್ರ ಚುಚ್ಚುತ್ತಾ ಹೋದರೆ ತೂತೂ ಮುಚ್ಚುತ್ತದೆ, ಎದ್ದ ಎಳೆಗಳೂ ಒಳಗೆ ಹೋಗುತ್ತವೆ. ಆಮೇಲೂ ಉಳಿದ ಎಳೆಗಳನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ.

ಮೈ ಕಟ್ಟುವಾಗ ಉಣ್ಣೆಯನ್ನು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಪ್ರತಿ ಸುತ್ತಿಗೂ ಚುಚ್ಚುತ್ತಾ ಹೋಗಿ. ಮೊದಲು ಆಳಕ್ಕೆ, ನಡುವಿನ ತನಕ ಚುಚ್ಚಬೇಕು. ಮೇಲ್ಮೈ ಮಾತ್ರ ಗಟ್ಟಿಯಾದರೆ ಒಳಗೆ ಪೊಳ್ಳು ಉಳಿಯುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಒಂದೇ ಕಡೆ ಚುಚ್ಚಬೇಡಿ, ತಿರುಗಿಸುತ್ತಾ ಇರಿ. ಹಿಸುಕಿದರೆ ನಿಂಬೆಹಣ್ಣಿನಷ್ಟು ಗಟ್ಟಿ ಅನಿಸಬೇಕು. ಉಣ್ಣೆ ತುಂಬ ಕುಗ್ಗುತ್ತದೆ, ಹಾಗಾಗಿ ಬೇಕಾದ ಅಳತೆಯ ಎರಡರಷ್ಟು ದೊಡ್ಡ ಉಂಡೆಯಿಂದ ಶುರು ಮಾಡಿ.

ತಲೆ ಕಳಚುವುದು ಯಾಕೆ ಗೊತ್ತಾ? ಎರಡೂ ಕಡೆ ಪೂರ್ತಿ ಚುಚ್ಚಿ ಮುಗಿಸಿ ಆಮೇಲೆ ಜೋಡಿಸಿದ್ದೀರಿ. ಕತ್ತಿನ ಕಡೆ ಒಂದಿಷ್ಟು ಎಳೆ ಚುಚ್ಚದೆ ಹಾಗೇ ಬಿಡಿ. ಆ ಜೊಂಪೆಯನ್ನು ಮೈಮೇಲೆ ಹರಡಿ ಚುಚ್ಚಿದರೆ ಎರಡೂ ಒಂದಾಗುತ್ತವೆ.

ಅಕ್ರಿಲಿಕ್ ಬೇಡ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಪುಟ್ಟ ಪುಟ್ಟ ಪೊರೆಗಳಿರುತ್ತವೆ, ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಕ್ರಿಲಿಕ್‌ಗೆ ಅದಿಲ್ಲ. ಸಿಕ್ಕಿಕೊಳ್ಳುತ್ತದೆ, ಆದರೆ ಬಿಗಿಯುವುದಿಲ್ಲ. ಮತ್ತೆ ಆ ಮುರಿದ ತುದಿ ಒಳಗಿರುವ ಗುಬ್ಬಿಯನ್ನು ದಯವಿಟ್ಟು ಮಗುವಿನ ಕೈಗೆ ಕೊಡಬೇಡಿ. ಬಿಚ್ಚಿ ಹುಡುಕಿ ತೆಗೆಯಿರಿ.

ಕುರಿಹಟ್ಟಿ:
ನಮ್ಮ ಕಡೆಯ ಉಣ್ಣೆ ನಡೆಯುತ್ತಾ ಅಂತ ಕೇಳಿದ್ದಕ್ಕೆ ಖುಷಿಯಾಯಿತು. ನಮ್ಮದು ಚಳ್ಳಕೆರೆ ಕಡೆ. ಡೆಕ್ಕನಿ ಕುರಿಯ ಉಣ್ಣೆ ಒರಟು, ಅದರಲ್ಲೇ ಕಂಬಳಿ ನೇಯುವುದು. ಮೈಗೆ ಚುಚ್ಚುತ್ತದೆ ಅಂತ ಈಗ ಕೊಳ್ಳುವವರು ಕಡಿಮೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ, ಎಷ್ಟೋ ಕಡೆ ಅದಕ್ಕೆ ಬೆಲೆಯೇ ಸಿಗುವುದಿಲ್ಲ. ನೋಡಲು ನೋವಾಗುತ್ತದೆ. ಆದರೆ ಅದೇ ಒರಟು ಗುಣ ನಿಮ್ಮ ಗೊಂಬೆಯ ಒಳಮೈಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ.

ಕುರಿಗಾರರ ಹತ್ತಿರ ನೇರವಾಗಿ ಕೇಳಿ, ಬೆಲೆ ಕೊಟ್ಟು ತನ್ನಿ, ಸುಮ್ನೆ ಕೊಡುತ್ತೇವೆ ಅಂದರೂ ಕೊಡಿ. ತಂದ ಮೇಲೆ ಮುಳ್ಳು, ಹಿಕ್ಕೆ ಎಲ್ಲ ಆರಿಸಿ ತೆಗೆಯಿರಿ. ಕೈ ಇಡಲು ಕಷ್ಟವಾಗುವಷ್ಟು ಬಿಸಿ ನೀರಿಗೆ ಸೋಪು ಹಾಕಿ ಅದರಲ್ಲಿ ಮುಳುಗಿಸಿಡಿ. ಜಿಡ್ಡು ಬಿಡಲು ಆ ಬಿಸಿ ಬೇಕು. ಆದರೆ ಬಟ್ಟೆ ಒಗೆದ ಹಾಗೆ ಉಜ್ಜಬೇಡಿ, ಮೇಲಿಂದ ನಲ್ಲಿ ನೀರು ಬಿಡಬೇಡಿ. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಬಕೆಟ್‌ನಲ್ಲೇ ಫೆಲ್ಟ್ ಆಗಿ ಗಂಟು ಬೀಳುತ್ತದೆ. ನನ್ನದು ಒಂದು ಸಲ ಹಾಗೇ ಪೂರ್ತಿ ಹಾಳಾಯಿತು. ಜಾಲಿಸುವ ನೀರೂ ಅಷ್ಟೇ ಬಿಸಿ ಇರಲಿ. ನೆರಳಲ್ಲಿ ಒಣಗಿಸಿ, ಕೈಯಲ್ಲೇ ಹಿಂಜಿ.

ಒಂದು ವಿಷಯ ಮಾತ್ರ ನೆನಪಿರಲಿ. ಈ ಉಣ್ಣೆ ಹೆಚ್ಚಾಗಿ ಕಪ್ಪು, ಕಂದು, ಬೂದು. ಮೇಲೆ ಬಿಳಿ ಉಣ್ಣೆ ಹಾಕಿ ಚುಚ್ಚಿದರೆ ಒಳಗಿನ ಕಪ್ಪು ಎಳೆ ಹೊರಗೆ ಇಣುಕುತ್ತದೆ. ಗುಬ್ಬಿಯ ಬಿಳಿ ಹೊಟ್ಟೆಗೆ ಕಷ್ಟ. ಎಮ್ಮೆ, ಕರಡಿ, ಕಾಗೆ ಮಾಡಿ ನೋಡಿ. ಎಮ್ಮೆಗಂತೂ ಮೇಲೆ ಬೇರೆ ಬಣ್ಣವೇ ಬೇಡ.

ಕಡಲತಡಿ:
ಮಂಗಳೂರಿನಿಂದ ಎರಡು ಮಾತು ಸೇರಿಸುತ್ತೇನೆ. ಕಿಟ್‌ನ ಫೋಮ್ ಬೇಗ ಪುಡಿಯಾಗುತ್ತದೆ, ಅದರ ಚೂರು ಉಣ್ಣೆಗೆ ಸೇರುತ್ತದೆ. ನಾನು ಗೋಣಿ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು ಅಕ್ಕಿ ತುಂಬಿದ್ದೇನೆ, ಬಿಗಿಯಾಗಿ. ಅದರ ಮೇಲಿಟ್ಟು ಚುಚ್ಚಿದರೆ ಸೂಜಿಗೂ ಸುಖ. ಮಳೆಗಾಲದಲ್ಲಿ ಸೂಜಿ ತುಕ್ಕು ಹಿಡಿಯುತ್ತದೆ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಉಣ್ಣೆಗೆ ನುಸಿ ಬೀಳುತ್ತದೆ, ಆಗಾಗ ಬಿಸಿಲಿಗೆ ಹರಡಿ ಕೊಡವಿ.

ಏಳು ವರ್ಷದ ಮಗುವಿಗೆ ಈ ಸೂಜಿ ಬೇಡ. ಕಚ್ಚು ಇರುವುದರಿಂದ ಬೆರಳಿಗೆ ಹೋದರೆ ನೋವು ಜಾಸ್ತಿ. ನೀವೂ ಎಡಗೈಯ ಹೆಬ್ಬೆರಳಿಗೆ, ತೋರುಬೆರಳಿಗೆ ಚರ್ಮದ ಟೋಪಿ ಹಾಕಿ, ಟಿವಿ ನೋಡುತ್ತಾ ಚುಚ್ಚಬೇಡಿ. ಮಗಳಿಗೆ ಉಣ್ಣೆಯ ಉಂಡೆ, ಬೆಚ್ಚಗಿನ ಸೋಪು ನೀರು ಕೊಡಿ. ಅಂಗೈಯಲ್ಲಿ ರಾಗಿ ಮುದ್ದೆ ಕಟ್ಟುವ ಹಾಗೆ ಮೊದಲು ಮೆಲ್ಲಗೆ, ಆಮೇಲೆ ಒತ್ತಿ ಉರುಳಿಸಲಿ. ಹತ್ತು ಹದಿನೈದು ನಿಮಿಷಕ್ಕೆ ಗಟ್ಟಿ ಚೆಂಡು ಆಗುತ್ತದೆ. ನನ್ನ ತಂಗಿಯ ಮಗ ಅಂಥ ಚೆಂಡುಗಳ ಮಾಲೆಯನ್ನೇ ಮಾಡಿ ಬಾಗಿಲಿಗೆ ಕಟ್ಟಿದ್ದಾನೆ.

ಗುಬ್ಬಿಗೂಡು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಗುಬ್ಬಿಯನ್ನು ಬಿಚ್ಚಿದೆ, ಸೂಜಿ ತುದಿ ಸಿಕ್ಕಿತು. ಊರಿನಿಂದ ಅಣ್ಣ ಒಂದು ಚೀಲ ಕಪ್ಪು ಉಣ್ಣೆ ತಂದುಕೊಟ್ಟ. ತೊಳೆಯುವುದಕ್ಕೇ ಒಂದು ಭಾನುವಾರ ಹೋಯಿತು, ಮನೆತುಂಬ ಕುರಿ ವಾಸನೆ. ಆದರೆ ಚುಚ್ಚಲು ಕೂತ ಮೊದಲ ಹತ್ತು ನಿಮಿಷಕ್ಕೇ ವ್ಯತ್ಯಾಸ ಗೊತ್ತಾಯಿತು, ಉಣ್ಣೆ ಸೂಜಿಯನ್ನು ಹಿಡಿಯುವ ಸದ್ದೇ ಬೇರೆ. ಎಮ್ಮೆ ಮಾಡಿದ್ದೇನೆ. ಒಂದೂ ಸೂಜಿ ಮುರಿದಿಲ್ಲ. ಮಗಳು ಅದರ ಕತ್ತಿಗೆ ಅವಳೇ ಮಾಡಿದ ಕೆಂಪು ಚೆಂಡು ಕಟ್ಟಿದ್ದಾಳೆ.

ಒಂದೇ ತೊಂದರೆ. ಕಾಲು ನಾಲ್ಕೂ ಸಣ್ಣಗಾಗಿ ಎಮ್ಮೆ ಪಕ್ಕಕ್ಕೆ ಬೀಳುತ್ತದೆ. ಒಳಗೆ ತಂತಿ ಹಾಕಬೇಕಾ?

ದಾರದುಂಡೆ:
ಎಮ್ಮೆಗೆ ತಂತಿ ಬೇಡ, ಕಾಲು ದಪ್ಪ ಮಾಡಿ. ತಂತಿ ಇದ್ದರೆ ಸೂಜಿ ಅದಕ್ಕೆ ತಗುಲಿ ಮುರಿಯುವ ಭಯ ಬೇರೆ. ಈಗಿರುವ ಕಾಲಿನ ಮೇಲೇ ಇನ್ನಷ್ಟು ಉಣ್ಣೆ ಸುತ್ತಿ 38ರಲ್ಲಿ ಚುಚ್ಚಿ, ಕೊನೆಗೆ ಗೊರಸಿನ ತಳವನ್ನು ಚಪ್ಪಟೆ ಆಗುವ ತನಕ ಕೆಳಗಿನಿಂದ ನೇರವಾಗಿ ಚುಚ್ಚಿ. ನಿಲ್ಲುತ್ತದೆ. ಫೋಟೋ ಹಾಕಿ, ಕೊಂಬು ಹೇಗೆ ಬಂದಿದೆ ನೋಡಬೇಕು.